ಅಡಿಕೆ ಅಂಗಳದಲ್ಲಿ ಬಾಸ್ಕೆಟ್‌ಬಾಲ್: ಮೊದಲು ಚೆಂಡು ಪುಟಿಯಲಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮುರಕಲ್ಲಿನ ಮೈದಾನದಲ್ಲಿ ಬಾಸ್ಕೆಟ್‌ಬಾಲ್ ತಟ್ಟಿ ನೋಡಿದವರಿಗೆ ಗೊತ್ತು. ಒಂದು ಸಲ ಚೆಂಡು ಎದೆವರೆಗೆ ಬರುತ್ತದೆ, ಇನ್ನೊಂದು ಸಲ ಮೊಣಕಾಲಿಗೇ ನಿಲ್ಲುತ್ತದೆ, ಮತ್ತೊಂದು ಸಲ ಕಲ್ಲಿಗೆ ತಾಗಿ ತೋಟಕ್ಕೇ ಓಡುತ್ತದೆ. ಮಕ್ಕಳು ತಮಗೆ ಆಟ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ನನಗೆ ಬೇಸರದ ಸಂಗತಿ. ನಮ್ಮಲ್ಲಿ ಒಳ್ಳೆಯ ನೆಲ ಮನೆ ಮುಂದೆಯೇ ಇದೆ: ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ. ಬೇಸಿಗೆ ರಜೆಯಲ್ಲಿ ಅದರ ಒಂದು ಬದಿ ಖಾಲಿಯಾದರೆ ಸಾಕು.

ಮೊದಲು ಚೆಂಡಿಗೆ ಗಾಳಿ ತುಂಬಿಸಿ. ಪಂಪಿನ ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಬೇಕು. ಒಣ ಸೂಜಿ ಒಳಗಿನ ರಬ್ಬರನ್ನು ಹರಿಯುತ್ತದೆ. ಗಾಳಿ ಸಾಕೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುವ ಬದಲು ಬೀಳಿಸಿ ನೋಡಿ. ಗೋಡೆಯ ಮೇಲೆ 180 ಸೆಂ.ಮೀ. ಎತ್ತರದಲ್ಲಿ ಒಂದು ಗೆರೆ ಎಳೆಯಿರಿ. ಚೆಂಡಿನ ತಳ ಆ ಗೆರೆಗೆ ಬರುವಂತೆ ಹಿಡಿದು ಸುಮ್ನೆ ಕೈಬಿಡಿ, ತಳ್ಳಬೇಡಿ. ತಳ 1 ಮೀಟರ್‌ಗಿಂತ ತುಸು ಮೇಲೆ ಬಂದರೆ ಗಾಳಿ ಸರಿಯಾಗಿದೆ. ಪಂದ್ಯದ ಚೆಂಡನ್ನು ಪರೀಕ್ಷಿಸುವುದೂ ಹೀಗೆಯೇ.

ಉಳಿದ ಎತ್ತರ ಎಲ್ಲಿ ಹೋಯಿತು? ಚೆಂಡು ನೆಲಕ್ಕೆ ಬಡಿದಾಗ ಅದರ ತಳ ಕ್ಷಣಕಾಲ ಚಪ್ಪಟೆಯಾಗುತ್ತದೆ. ಒಳಗಿನ ಗಾಳಿ ಒತ್ತಿಹೋಗಿ, ಮತ್ತೆ ಹಿಗ್ಗುತ್ತಾ ಚೆಂಡನ್ನು ಮೇಲಕ್ಕೆ ನೂಕುತ್ತದೆ. ರಬ್ಬರ್ ಬಾಗಿ ನೆಟ್ಟಗಾಗುವಾಗ ಶಕ್ತಿಯ ಒಂದು ಪಾಲು ಬಿಸಿಯಾಗಿ ಕಳೆದುಹೋಗುತ್ತದೆ. ಸ್ವಲ್ಪ ‘ಧಪ್’ ಎಂಬ ಸದ್ದಿಗೂ ಹೋಗುತ್ತದೆ. ಗಾಳಿ ಕಡಿಮೆ ಇದ್ದರೆ ರಬ್ಬರ್ ಜಾಸ್ತಿ ಬಾಗುತ್ತದೆ, ನಷ್ಟವೂ ಜಾಸ್ತಿ. ಸಡಿಲ ಮಣ್ಣಿನಲ್ಲಿ ಮಣ್ಣಿನ ಕಣಗಳೇ ಸರಿದು ಶಕ್ತಿಯನ್ನು ನುಂಗುತ್ತವೆ. ಬಿಸಿಲಲ್ಲಿಟ್ಟ ಚೆಂಡಿನೊಳಗೆ ಒತ್ತಡ ಏರುತ್ತದೆ. ಅದಕ್ಕೇ ಬೆಳಿಗ್ಗೆ ಸರಿಯಿದ್ದ ಚೆಂಡು ಮಧ್ಯಾಹ್ನ ಕಲ್ಲಿನಂತಾಗುವುದು.

ಡ್ರಿಬಲ್ ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಲೇ ಇರುವುದು, ಪ್ರತಿ ಪುಟಿತದಲ್ಲೂ ಕಳೆದುಹೋದದ್ದನ್ನು ಕೈಯಿಂದ ತುಂಬಿಕೊಡುವುದು. ಹೊಡೆಯಬೇಡಿ, ಬೆರಳುಗಳಿಂದ ಒತ್ತಿ ಕಳಿಸಿ. ಅಂಗೈ ತಾಗಬಾರದು. ಮೊಣಕಾಲು ಸ್ವಲ್ಪ ಬಾಗಿರಲಿ, ಚೆಂಡು ಸೊಂಟ ದಾಟದಿರಲಿ, ಕಣ್ಣು ಎದುರಿಗಿರಲಿ. ಎರಡು ವಾರ ಬಲಗೈಗಿಂತ ಎಡಗೈಗೇ ಹೆಚ್ಚು ಕೆಲಸ ಕೊಡಿ. ನೆಲಕ್ಕೆ ಪುಟಿಸಿ ಪಾಸ್ ಕೊಡುವಾಗ, ನಿಮ್ಮಿಬ್ಬರ ನಡುವಿನ ದೂರದ ಮೂರರಲ್ಲಿ ಎರಡು ಪಾಲು ದಾಟಿದ ಜಾಗಕ್ಕೆ ಗುರಿ ಇಡಿ. ಆಗ ಅದು ಗೆಳೆಯನ ಸೊಂಟದ ಹತ್ತಿರ ಬರುತ್ತದೆ.

1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರುಮಾಡಿದಾಗ ಡ್ರಿಬಲ್ ಇರಲೇ ಇಲ್ಲ. ಚೆಂಡು ಹಿಡಿದು ಓಡುವಂತಿಲ್ಲ, ನಿಂತಲ್ಲಿಂದಲೇ ಎಸೆಯಬೇಕು ಎಂಬ ನಿಯಮವಿತ್ತು. ಪೀಚ್ ಹಣ್ಣಿನ ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಬಡಿದಿದ್ದರು. ಆ 10 ಅಡಿ, ಅಂದರೆ 3.05 ಮೀಟರ್ ಎತ್ತರವೇ ಇಂದಿಗೂ ಉಳಿದಿದೆ. ಚಿಕ್ಕ ಮಕ್ಕಳಿಗೆ ಬುಟ್ಟಿಯ ರಿಂಗ್ 2.6 ಮೀಟರ್‌ನಲ್ಲಿರಲಿ, 5ನೇ ಸೈಜಿನ ಚೆಂಡು ಕೊಡಿ.

ಓಡಬಾರದು ಎಂಬ ಆ ಹಳೆಯ ಮಾತಿನಿಂದಲೇ ಮುಖ್ಯ ನಿಯಮಗಳು ಹುಟ್ಟಿವೆ. ಪುಟಿಸದೆ ಹೆಜ್ಜೆ ಹಾಕುತ್ತಾ ಹೋದರೆ ಟ್ರಾವೆಲಿಂಗ್. ಡ್ರಿಬಲ್ ನಿಲ್ಲಿಸಿ ಚೆಂಡು ಹಿಡಿದ ಮೇಲೆ ಮತ್ತೆ ಪುಟಿಸಿದರೆ ಡಬಲ್ ಡ್ರಿಬಲ್. ಎರಡಕ್ಕೂ ಚೆಂಡು ಎದುರಾಳಿಗೆ. ಪೂರ್ಣ ಆಟದಲ್ಲಿ ತಂಡಕ್ಕೆ 5 ಜನ, 10 ನಿಮಿಷದ 4 ಭಾಗ, ಬುಟ್ಟಿಗೆ ಎಸೆಯಲು 24 ಸೆಕೆಂಡು. ಗೋಲಿಗೆ 2 ಅಂಕ, 6.75 ಮೀಟರ್ ಗೆರೆಯ ಹೊರಗಿಂದ ಹಾಕಿದರೆ 3, ಫ್ರೀ ಥ್ರೋಗೆ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) 1. 5 ಫೌಲ್ ಆದವರು ಹೊರಗೆ.

ನಮ್ಮ ಅಂಗಳಕ್ಕೆ ಒಪ್ಪುವುದು ತಂಡಕ್ಕೆ ಮೂವರ ಆಟ. ಟೋಕಿಯೊ ಒಲಿಂಪಿಕ್ಸ್‌ನಿಂದ ಅದಕ್ಕೂ ಪದಕವಿದೆ. ಒಂದೇ ರಿಂಗ್ ಸಾಕು, ಕೋರ್ಟ್ 15 ಮೀಟರ್ ಅಗಲ, 11 ಮೀಟರ್ ಉದ್ದ. ಅದೇ 6.75 ಮೀಟರ್ ಗೆರೆಯ ಒಳಗಿಂದ ಹಾಕಿದರೆ 1 ಅಂಕ, ಹೊರಗಿಂದ 2. ಮೊದಲು 21 ಮುಟ್ಟಿದವರು ಗೆದ್ದರು, ಇಲ್ಲವೇ 10 ನಿಮಿಷಕ್ಕೆ ಮುಂದಿದ್ದವರು. ಎಸೆಯಲು 12 ಸೆಕೆಂಡು ಮಾತ್ರ. ಎದುರಾಳಿಯಿಂದ ಚೆಂಡು ಸಿಕ್ಕಿದರೆ ಮೊದಲು ಗೆರೆಯ ಹೊರಗೆ ಒಯ್ಯಬೇಕು.

ಮಳೆ ಶುರುವಾಗಿ ಅಂಗಳಕ್ಕೆ ಪಾಚಿ ಹಿಡಿದರೆ ಅಲ್ಲಿ ಆಡಬೇಡಿ. ಆಗ ಜಗಲಿಯಲ್ಲಿ ನಿಂತಲ್ಲೇ ಎಡಗೈ ಡ್ರಿಬಲ್ ಮಾಡುತ್ತಿರಿ. ಅಜ್ಜ ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವವರೆಗೆ ಮಾತ್ರ ತಡೆದುಕೊಳ್ಳಿ.