ಬೂದಿ ಬಣ್ಣದ ಸೀರೆಯ ಮೇಲೆ ಕೆಂಪು ದಾರ

ಧಾರವಾಡದ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಗಣಿತ ಕಲಿಸಿ 60ನೆಯ ವಯಸ್ಸಿಗೆ ನಾನು ನಿವೃತ್ತಳಾದೆ. ಮರುವರ್ಷವೇ ಯಜಮಾನರು ತೀರಿಕೊಂಡರು. ಕರ್ಮಾಂತರಗಳು ಮುಗಿಯುವಷ್ಟರಲ್ಲಿ ತವರಿನವರೂ ಬಂಧುಗಳೂ ತಂದುಕೊಟ್ಟ ಸೀರೆಗಳು ಐದಾಗಿದ್ದವು. ಎರಡು ಬೂದಿ ಬಣ್ಣದವು, ಎರಡು ತಿಳಿಗಂದು, ಒಂದು ಮಾಸಲು ಬಿಳಿ. ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟಿದ್ದರು. ಆದರೂ ಅವನ್ನು ಒಂದರ ಮೇಲೊಂದಾಗಿ ಕಪಾಟಿನಲ್ಲಿ ಇಡುವಾಗ, ಇನ್ನು ಮುಂದೆ ನಾನು ಯಾರ ಕಣ್ಣಿಗೂ ಬೀಳದ ಹಾಗೆ ಬದುಕಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ ಎಂದು ನನಗೆ ಅನ್ನಿಸಿತು. ನನ್ನ ತಾಯಿ 48ನೆಯ ವಯಸ್ಸಿಗೆ ಅಂಥ ತೀರ್ಮಾನಕ್ಕೆ ತಲೆಬಾಗಿದ್ದರು. ಕಸೂತಿ ಹಾಕಿದ ಅವರ ಮದುವೆಯ ಕಪ್ಪು ಚಂದ್ರಕಾಳಿ ಸೀರೆ ಅಂದು ಟ್ರಂಕು ಸೇರಿದ್ದು ಅವರ ಜೀವಮಾನದಲ್ಲಿ ಮತ್ತೆ ಹೊರಗೆ ಬರಲಿಲ್ಲ.

ಬದಲಾವಣೆ ಆರಂಭವಾದದ್ದು ಕೂದಲಿನಿಂದ. ಹದಿನೈದು ವರ್ಷಗಳಿಂದ ಹಚ್ಚುತ್ತಿದ್ದ ಕಪ್ಪು ಬಣ್ಣದಿಂದ ಹಣೆಯಂಚಿನಲ್ಲಿ ತುರಿಕೆ ಎದ್ದು, ಕಿವಿಯ ಹಿಂದೆ ಚರ್ಮ ಒಡೆಯತೊಡಗಿತ್ತು. ಇಂಥ ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲವೆಂದೂ, ವರ್ಷಗಟ್ಟಲೆ ಒಗ್ಗಿದವರಿಗೂ ಒಂದು ದಿನ ಒಗ್ಗದೆ ಹೋಗಬಹುದೆಂದೂ ವೈದ್ಯರು ವಿವರಿಸಿದ ಮೇಲೆ ಅದನ್ನು ಪೂರ್ತಿ ನಿಲ್ಲಿಸಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಜಡೆಯನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಅರ್ಧ ಬಿಳಿ, ಅರ್ಧ ಕಪ್ಪಾಗಿ ಮೂರು ನಾಲ್ಕು ವರ್ಷ ಕಳೆಯಬೇಕಾಗುತ್ತಿತ್ತು. ಆದ್ದರಿಂದ ಕತ್ತಿನವರೆಗೆ ಕತ್ತರಿಸಿಬಿಟ್ಟೆ. ವಿಧವೆಯ ತಲೆಗೂದಲಿಗೂ ಕತ್ತರಿಗೂ ನಮ್ಮಲ್ಲಿರುವ ಹಳೆಯ, ಕ್ರೂರ ಸಂಬಂಧವನ್ನು ಬಲ್ಲವಳಾಗಿ, ಆ ದಿನ ನನ್ನ ಕೈ ಸ್ವಲ್ಪ ನಡುಗಿತೆಂದು ಒಪ್ಪಿಕೊಳ್ಳಬೇಕು. ಆದರೆ ಈ ಬಾರಿ ಕತ್ತರಿಸಲು ಹೇಳಿದವಳು ನಾನೇ ಆಗಿದ್ದೆ.

ಕೂದಲು ಬೆಳ್ಳಗಾದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಕಪ್ಪು ಕೂದಲಿನ ಜೊತೆ ಹೇಗೋ ಹೊಂದುತ್ತಿದ್ದ ಬೂದಿ ಬಣ್ಣ ಈಗ ಮುಖವನ್ನು ರೋಗಿಯ ಮುಖದಂತೆ ಮಾಡುತ್ತಿತ್ತು. ಬೆಳಗಿನ ಹತ್ತು ಗಂಟೆಯ ಬೆಳಕಿನಲ್ಲಿ ಕಿಟಕಿಯ ಪಕ್ಕ ಕನ್ನಡಿ ಇಟ್ಟುಕೊಂಡು, ಮನೆಯಲ್ಲಿದ್ದ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಗಲ್ಲದ ಕೆಳಗೆ ಹಿಡಿದು ನೋಡಿದೆ. ಅಂಗಡಿಯ ವಿದ್ಯುತ್ ದೀಪದಡಿ ತಿಳಿಯದ ವ್ಯತ್ಯಾಸ ಇಲ್ಲಿ ತಾನಾಗಿಯೇ ತಿಳಿಯುತ್ತದೆ. ದಾಳಿಂಬೆ ಕೆಂಪು, ನವಿಲು ನೀಲಿ, ಎಲೆ ಹಸಿರು ನನಗೆ ಒಪ್ಪಿದವು. ವಯಸ್ಸಿಗೆ ತಕ್ಕದ್ದೆಂದು ಹೇಳುವ ತಿಳಿಬಣ್ಣಗಳಲ್ಲಿ ಒಂದೂ ಒಪ್ಪಲಿಲ್ಲ. ನನಗೆ ಧೈರ್ಯ ಕೊಟ್ಟದ್ದು ಕಮಲಾದೇವಿ ಚಟ್ಟೋಪಾಧ್ಯಾಯರ ಇಳಿವಯಸ್ಸಿನ ಛಾಯಾಚಿತ್ರಗಳು. ಬಾಲ್ಯದಲ್ಲಿಯೇ ವಿಧವೆಯಾಗಿದ್ದ ಮಂಗಳೂರಿನ ಆ ಹೆಣ್ಣುಮಗಳು ಮರುಮದುವೆಯಾಗಿ, ಮುಂದೆ ದೇಶದ ಕೈಕಸುಬುಗಳಿಗಾಗಿ ಬದುಕನ್ನೇ ಕೊಟ್ಟರು. ನರೆತ ಕೂದಲಿಗೆ ಕೈಮಗ್ಗದ ಸೀರೆ, ದೊಡ್ಡ ಆಭರಣಗಳು ಎಷ್ಟು ಗಂಭೀರವಾಗಿ ಒಪ್ಪಬಲ್ಲವೆಂಬುದನ್ನು ನಾನು ಆ ಚಿತ್ರಗಳಲ್ಲಿ ಕಂಡೆ.

ಮೊದಲು ಕೊಂಡದ್ದು ಒಂದು ಇಳಕಲ್ ಸೀರೆ. ಮೈಗೆ ಹತ್ತಿಯ ಹಾಸು, ಅಂದರೆ ಉದ್ದನೆಯ ಎಳೆಗಳು, ಸೆರಗಿಗೆ ರೇಷ್ಮೆಯ ಹಾಸು; ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕಾಗುವುದರಿಂದ ನೇಕಾರರು ಒಂದು ಸೀರೆಗೆ ಒಂದು ಹಾಸಿನಂತೆ ಸಿದ್ಧಪಡಿಸುತ್ತಾರೆ. ಮೈ ಹಗುರ, ಸೆರಗು ಕೆಂಪು. ನೋಯುವ ಭುಜಕ್ಕೆ ಭಾರವಾಗದ ಸಡಗರದ ಸೀರೆ ಇದಕ್ಕಿಂತ ಬೇರೊಂದು ನನಗೆ ಸಿಕ್ಕಿಲ್ಲ. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಮೊಳಕೈವರೆಗಿನ ತೋಳಿನ ಕುಪ್ಪಸ ಹೊಲಿಸಿ, ಎತ್ತಿ ತೊಡುವ ಕಷ್ಟ ತಪ್ಪಲೆಂದು ಮುಂದುಗಡೆ ಗುಂಡಿ ಇಡಿಸಿದೆ. ಮೊಣಕಾಲು ನೋವಿಗಾಗಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೀರೆಯನ್ನು ಎರಡು ಅಂಗುಲ ಮೇಲೆತ್ತಿ ಉಡುತ್ತೇನೆ.

ಮನೆಯ ಪೂಜೆಯೊಂದಕ್ಕೆ ಅದನ್ನು ಉಟ್ಟಾಗ ನಾದಿನಿ ಮೆಲ್ಲಗೆ, “ವೈನಿ, ಈ ವಯಸ್ಸಿನಾಗ ಕೆಂಪು ಸೆರಗು ಬೇಕಿತ್ತೇನ್ರಿ?” ಎಂದು ಕೇಳಿದಳು. “ಬೇಕಿತ್ತವಾ, ಅದಕ್ಕs ಉಟ್ಟೇನಿ” ಎಂದೆ. ಅವಳ ಮಾತಿನಲ್ಲಿ ದ್ವೇಷವಿರಲಿಲ್ಲ, ಜನ ಏನೆಂದಾರು ಎಂಬ ಆತಂಕವಿತ್ತು. ಆ ಆತಂಕ ಎಷ್ಟು ಹೆಂಗಸರ ಬಣ್ಣಗಳನ್ನು ತಿಂದುಹಾಕಿದೆಯೆಂದು ಯೋಚಿಸಿದಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಸೂತಿಯನ್ನು ಕಲಿತದ್ದು 63ನೆಯ ವಯಸ್ಸಿನಲ್ಲಿ. ಅದರಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು, ಗಂಟು ಕೂಡದು. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿದು, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾರೆ. ಹಾಗಾಗಿ ಒಳಗೂ ಹೊರಗೂ ಒಂದೇ ವಿನ್ಯಾಸ ಮೂಡುತ್ತದೆ. ಪ್ರತಿ ಗೆರೆಯನ್ನೂ ಎರಡೇ ಸಲ ಹಾದು ಹೊರಟಲ್ಲಿಗೇ ಮರಳುವ ಈ ದಾರಿಯನ್ನು ನಾನು ಮೊದಲು ಗ್ರಾಫ್ ಕಾಗದದ ಮೇಲೆ ಬಿಡಿಸಿಕೊಳ್ಳುತ್ತೇನೆ. ಗಣಿತ ಕಲಿಸಿದ ಇಡೀ ಆಯುಷ್ಯದಲ್ಲಿ ಇಷ್ಟು ಅಂದವಾದ ಲೆಕ್ಕ ನನ್ನ ಕೈಗೆ ಬಂದಿರಲಿಲ್ಲ. ಕಪ್ಪು ಬಟ್ಟೆಯ ಎಳೆಗಳು ಹಳೆಯ ಕಣ್ಣಿಗೆ ಕಾಣುವುದಿಲ್ಲ. ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು, ಹಗಲಿನಲ್ಲಿ ಮಾತ್ರ ಕುಳಿತರೆ ಸಂದುಗಳಲ್ಲಿ ಬಿಳುಪು ಇಣುಕಿ ಎಣಿಕೆ ಸುಲಭವಾಗುತ್ತದೆ. ತಾಯಿಯ ಚಂದ್ರಕಾಳಿಯಲ್ಲಿ ಹರಿದುಹೋಗಿದ್ದ ಕಸೂತಿಯ ಗೋಪುರಗಳನ್ನು ಹೀಗೆ ಎಂಟು ತಿಂಗಳು ಕುಳಿತು ಸರಿಪಡಿಸಿ, ಕರ್ನಾಟಕ ವಿದ್ಯಾವರ್ಧಕ ಸಂಘದ ಒಂದು ಸಂಜೆಯ ಕಾರ್ಯಕ್ರಮಕ್ಕೆ ಅದನ್ನು ಉಟ್ಟುಕೊಂಡು ಹೋದೆ. ಹೋಗಿ ಮುಂದಿನ ಸಾಲಿನಲ್ಲಿಯೇ ಕುಳಿತೆ.

ಆ ಐದು ಸೀರೆಗಳನ್ನು ನಾನು ಯಾರಿಗೂ ಕೊಡಲಿಲ್ಲ. ಬೂದಿ ಬಣ್ಣದ ಎರಡಕ್ಕೂ ಅಂಚಿನುದ್ದಕ್ಕೆ ಕೆಂಪು ದಾರದಲ್ಲಿ ತೇರು ಮತ್ತು ತುಳಸಿಕಟ್ಟೆ ಹೊಲಿದು ಮುಗಿದಿದೆ. ಈಗ ತಿಳಿಗಂದಿನ ಮೊದಲನೆಯದು ತೊಡೆಯ ಮೇಲಿದೆ. ಅದಕ್ಕೆ ಆನೆಗಳ ಸಾಲು. ದಿನಕ್ಕೆ ಒಂದು ಗೇಣು ಸಾಗುತ್ತದೆ.