ಕೇಬಲ್ ಎಳೆಯುವ ಮೊದಲು ಉದ್ದ ನೋಡಿ

ಕಂಪ್ಯೂಟರ್‌ಗಳನ್ನು ಜಾಲಕ್ಕೆ ಸೇರಿಸುವ ಈಥರ್ನೆಟ್‌ನ ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ. ಅದರಲ್ಲಿ ಗೋಡೆಯೊಳಗಿನ ಕೇಬಲ್‌ಗೆ ಸಿಗುವುದು 90 ಮಾತ್ರ. ಉಳಿದ 10 ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳಿಗೆ, ಅಂದರೆ ಉಪಕರಣಕ್ಕೆ ಸಿಕ್ಕಿಸುವ ತುಂಡು ಕೇಬಲ್‌ಗಳಿಗೆ. ಅವುಗಳ ಸಣ್ಣ ಎಳೆಗಳ ತಂತಿಯಲ್ಲಿ ಸಿಗ್ನಲ್ ಬೇಗ ಸೊರಗುತ್ತದೆ.

ಸುಮ್ನೆ ನಕ್ಷೆ ನೋಡಿ ಲೆಕ್ಕ ಹಾಕಬೇಡಿ. ಕೇಬಲ್ ನೇರವಾಗಿ ಹೋಗುವುದಿಲ್ಲ ಅಲ್ವಾ? ಛಾವಣಿಗೆ ಹತ್ತುತ್ತದೆ, ಕಂಬ ಬಳಸುತ್ತದೆ, ಮತ್ತೆ ಇಳಿಯುತ್ತದೆ. ನಾನು ನಂಬುವುದು ಕೇಬಲ್ ಹೊದಿಕೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು. ಒಂದು ತುದಿಯಲ್ಲಿ 212, ಇನ್ನೊಂದರಲ್ಲಿ 296 ಇದ್ದರೆ ಉದ್ದ 84 ಮೀಟರ್. ಕೆಲವು ಕೇಬಲ್‌ಗಳಲ್ಲಿ ಅಡಿ ಲೆಕ್ಕ ಇರುತ್ತದೆ, ಪಕ್ಕದ ಅಕ್ಷರ ನೋಡಿಕೊಳ್ಳಿ. ತುದಿ ಕತ್ತರಿಸುವ ಮೊದಲೇ ಎರಡೂ ಅಂಕಿ ಬರೆದಿಟ್ಟುಕೊಳ್ಳಿ.

ಸೆಕೆಂಡಿಗೆ 10 ಗಿಗಾಬಿಟ್ ವೇಗ ಬೇಕಿದ್ದರೆ ಕ್ಯಾಟ್ 6 ದರ್ಜೆಯ ಕೇಬಲ್ ಹೆಚ್ಚೆಂದರೆ 55 ಮೀಟರ್. ದಪ್ಪ ಕಂತೆ ಕಟ್ಟಿದರೆ ಇನ್ನೂ ಕಡಿಮೆ. ಪೂರ್ತಿ 100ಕ್ಕೆ ಕ್ಯಾಟ್ 6ಎ ಹಾಕಿ.

ಮಿತಿ ದಾಟಿದರೆ ನಡುವೆ ಕಪ್ಲರ್ ಸಿಕ್ಕಿಸಿ ಪ್ರಯೋಜನವಿಲ್ಲ, ಅದು ಬರೀ ಜೋಡಿಸುತ್ತದೆ. ಸಿಗ್ನಲ್ ಅನ್ನು ಹೊಸದಾಗಿ ಕಳಿಸುವ ನೆಟ್‌ವರ್ಕ್ ಸ್ವಿಚ್ ಇಟ್ಟರೆ ಅಲ್ಲಿಂದ ಹೊಸದಾಗಿ 100 ಮೀಟರ್ ಶುರು. ಆದರೆ ಅದಕ್ಕೆ ಕರೆಂಟ್ ಬೇಕು, ಯಾರೂ ಪ್ಲಗ್ ಕೀಳದ ಜಾಗವೂ ಬೇಕು. ಎರಡು ಕಟ್ಟಡಗಳ ನಡುವೆಯಾದರೆ ದೂರ ಕಡಿಮೆಯಿದ್ದರೂ ನಾನು ಬೆಳಕಿನಲ್ಲಿ ಸಿಗ್ನಲ್ ಸಾಗಿಸುವ ಫೈಬರ್ ಕೇಬಲ್ ಅನ್ನೇ ಹೇಳುತ್ತೇನೆ. ಸಿಡಿಲು ಬಡಿದಾಗ ತಾಮ್ರದ ಮೂಲಕ ಎರಡೂ ಕಡೆಯ ಉಪಕರಣ ಸುಡಬಹುದು. ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಕೇಳಿ ತನ್ನಿ.