ಹುಮ್ಮಸ್ಸು ಇಳಿದ ಮೇಲೂ ವಾಕಿಂಗ್ ನಿಲ್ಲದಿರಲು, ಊಟ ಹಳಿ ತಪ್ಪದಿರಲು

ಮೊದಲ ವಾರ ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಗಂಟೆ ನಡೆಯುವುದು, ಅನ್ನ ಬಿಡುವುದು, ಸಕ್ಕರೆ ಬಿಡುವುದು. ಮೂರನೇ ವಾರಕ್ಕೆ ಎಲ್ಲವೂ ಮೊದಲಿನಂತೆ. ಇದಕ್ಕೆ ಸೋಮಾರಿತನವನ್ನು ದೂರಬೇಡಿ. ಹುಮ್ಮಸ್ಸು ಉಕ್ಕುವ ದಿನ ಕೂತು ಯೋಜನೆ ಹಾಕಿದರೆ ಅದು ಆ ದಿನಕ್ಕಷ್ಟೇ ಹೊಂದುತ್ತದೆ. ನಿದ್ದೆ ಕೆಟ್ಟ ದಿನ, ಆಫೀಸಿನಿಂದ ತಡವಾಗಿ ಬಂದ ದಿನ, ಮನೆ ತುಂಬ ನೆಂಟರಿರುವ ದಿನ ಕೂಡ ಮಾಡಲು ಆಗುವಷ್ಟು ಚಿಕ್ಕದಾಗಿ ಶುರು ಮಾಡಬೇಕು.

ನಡಿಗೆ: 10 ನಿಮಿಷದಿಂದ ಶುರು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಅದು ತಲುಪಬೇಕಾದ ಊರು, ಹೊರಡುವ ಜಾಗವಲ್ಲ. ಮೊದಲ ಎರಡು ವಾರ ದಿನಕ್ಕೆ 10 ನಿಮಿಷ ಸಾಕು. ಆಮೇಲೆ ಎರಡು ವಾರಕ್ಕೊಮ್ಮೆ 5 ನಿಮಿಷ ಸೇರಿಸುತ್ತಾ ಹೋದರೆ ಒಂಬತ್ತನೇ ವಾರಕ್ಕೆ 30 ನಿಮಿಷಕ್ಕೆ ಬರುತ್ತೀರಿ. ವಾರಕ್ಕೆ ಐದು ದಿನ ನಡೆದರೆ 150 ತುಂಬಿತು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿರಲಿ. ಲೆಕ್ಕ ಬೇಕಿದ್ದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ. ಒಂದೇ ವಾರದಲ್ಲಿ ಸಮಯವನ್ನೂ ವೇಗವನ್ನೂ ಒಟ್ಟಿಗೆ ಏರಿಸಬೇಡಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರುವಾಗಲೇ ಚುಚ್ಚುವ ಹಿಮ್ಮಡಿ ನೋವು ಹೀಗೆ ಅವಸರ ಮಾಡಿದವರಿಗೆ ಬರುವುದು ಹೆಚ್ಚು.

‘ನಾಳೆಯಿಂದ ವಾಕಿಂಗ್ ಹೋಗ್ತೀನಿ’ ಎನ್ನುವ ಮಾತಿನಲ್ಲಿ ಹೊತ್ತೂ ಇಲ್ಲ, ಜಾಗವೂ ಇಲ್ಲ. ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿ: ‘ಕಾಫಿ ಲೋಟ ತೊಳೆದಿಟ್ಟ ಕೂಡಲೇ ಶೂ ಹಾಕಿ, ಗಣಪತಿ ಗುಡಿಯವರೆಗೆ ಹೋಗಿ ಬರುತ್ತೇನೆ.’ ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ‘ಮಳೆ ಬಂದರೆ ಮನೆಯ ಮೆಟ್ಟಿಲು 10 ನಿಮಿಷ ಹತ್ತಿ ಇಳಿಯುತ್ತೇನೆ.’ ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎರಡನೇ ಸಾಲೇ ಕೈ ಹಿಡಿಯುವುದು. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಿಗೆ ಬೆಳಿಗ್ಗೆ 7ರೊಳಗೆ ಮುಗಿಯುವ ಹಾಗೆ ಸಾಲು ಬದಲಿಸಿಕೊಳ್ಳಬೇಕು.

ರಾತ್ರಿಯೇ ಶೂ ಬಾಗಿಲ ಪಕ್ಕ ಇರಲಿ. ಒಣಗಿದ ಕಾಲುಚೀಲ ಶೂ ಒಳಗೆ, ಬೀಗದ ಕೈ ಅದರ ಮೇಲೆ. ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು, ಆದರೆ ಕಾಲುಚೀಲದ ಇನ್ನೊಂದು ಜೋಡಿ ಹುಡುಕುವ ಐದು ನಿಮಿಷದಲ್ಲೇ ಮನಸ್ಸು ಹಾಸಿಗೆಯ ಕಡೆ ತಿರುಗಿಬಿಡುತ್ತದೆ. ಜತೆಗಾರರು ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮದೇ ವೇಗದವರನ್ನು ಆರಿಸಿಕೊಳ್ಳಿ.

ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯುವುದು 10 ಸಲ, ಹೀಗೆ ಎರಡು ಸುತ್ತು. ಮಾರನೆಯ ದಿನವೋ ಅದರ ಮಾರನೆಯ ದಿನವೋ ತೊಡೆ, ತೋಳು ಹಿಡಿದುಕೊಳ್ಳುತ್ತವೆ. ‘ನನಗಿದು ಆಗಿಬರುವುದಿಲ್ಲ’ ಎಂದು ಎಷ್ಟೋ ಜನ ಬಿಡುವುದು ಈ ಹಂತದಲ್ಲೇ. ಅದು ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಮಾತ್ರ ನಿಲ್ಲಿಸಿ.

ಹೃದಯದ ತೊಂದರೆ ಇರುವವರು, ನಡೆದರೆ ಎದೆ ಹಿಡಿಯುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರೂ ಕೇಳಿಕೊಳ್ಳಿ, ಜೇಬಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತೋ ಪೆಪ್ಪರಮಿಂಟೋ ಇಟ್ಟುಕೊಂಡು ಹೋಗಿ.

ಊಟ: ಪಾತ್ರೆ ಅದೇ, ಪಾಲು ಬೇರೆ

ಒಬ್ಬರಿಗೆಂದು ಬೇರೆ ಅಡುಗೆ ಮಾಡುವ ಯೋಜನೆ ಉಳಿಯುವುದಿಲ್ಲ. ಮಾಡುವವರಿಗೂ ಬೇಸರ, ಉಣ್ಣುವವರಿಗೂ ಬೇಸರ. ಎಲ್ಲರಿಗೂ ಮಾಡಿದ ಅಡುಗೆಯಲ್ಲೇ ಬಡಿಸುವ ಪಾಲು ಬದಲಾಗಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ ತಟ್ಟೆಯ ಅರ್ಧ ತರಕಾರಿ, ಸೊಪ್ಪು, ಹಣ್ಣು ಇರಬೇಕು. ನಮ್ಮಲ್ಲಿ ಪಲ್ಯವೆಂದರೆ ಎರಡು ಚಮಚ ಅಂಚಿಗೆ. ಮೊದಲ ತಿಂಗಳು ಒಂದೇ ಕೆಲಸ ಮಾಡಿ: ಮಧ್ಯಾಹ್ನವೋ ರಾತ್ರಿಯೋ ಒಂದು ಹೊತ್ತು ಒಂದು ಬಟ್ಟಲು ಪಲ್ಯ ಅಥವಾ ಕೋಸಂಬರಿಯನ್ನು ಅನ್ನಕ್ಕಿಂತ ಮೊದಲು ಬಡಿಸಿಕೊಂಡು ತಿನ್ನಿ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವ ಹೊತ್ತಿಗೆ ಬೇಡವೆನಿಸುತ್ತದೆ. ಅನ್ನ ಬಿಟ್ಟು ಎರಡು ದೊಡ್ಡ ರಾಗಿಮುದ್ದೆಗೆ ನೀರು ಸಾರು ಹಾಕಿಕೊಂಡರೆ ಒಂದು ಧಾನ್ಯದ ಬದಲು ಇನ್ನೊಂದು ಬಂತು, ಅಷ್ಟೆ. ಒಂದು ಮುದ್ದೆ, ಜತೆಗೆ ಸೊಪ್ಪು-ಕಾಳು ತುಂಬಿದ ಬಸ್ಸಾರು ಅಂದರೆ ಅದು ನಿಜವಾದ ಬದಲಾವಣೆ.

ಇದೆಲ್ಲ ಮುರಿದು ಬೀಳುವುದು ಈಳಿಗೆಮಣೆಯ ಮುಂದೆ. ಸಂಜೆ ಏಳಕ್ಕೆ ದಣಿದು ಬಂದವರು ಹುರುಳಿಕಾಯಿ ಹೆಚ್ಚಲು ಕೂರುವುದಿಲ್ಲ, ಚಿತ್ರಾನ್ನ ಕಲಸುತ್ತಾರೆ. ಆದ್ದರಿಂದ ಭಾನುವಾರ, ಬುಧವಾರ ಅರ್ಧ ಗಂಟೆ ಎತ್ತಿಡಿ. ಹುರುಳಿಕಾಯಿ, ಕ್ಯಾರೆಟ್ ತೊಳೆದು, ನೀರು ಪೂರ್ತಿ ಆರಿದ ಮೇಲೆ ಹೆಚ್ಚಿ, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಹಾಕಿದರೆ ಎರಡು ದಿನಕ್ಕೆ ಬರುತ್ತದೆ. ಸೊಪ್ಪು ಬಿಡಿಸಿ, ತೊಳೆಯದೆ ಕಾಗದದಲ್ಲಿ ಸುತ್ತಿಡಿ, ತೊಳೆದಿಟ್ಟರೆ ಕೊಳೆಯುತ್ತದೆ. ಹೆಸರುಕಾಳು 8 ಗಂಟೆ ನೆನೆಸಿ, ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆಯ ದಿನ ಮೊಳಕೆ.

ಎಣ್ಣೆಯನ್ನು ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವುದು ನಿಲ್ಲಲಿ. ತಿಂಗಳ ಮೊದಲ ದಿನ ತಲೆಗೆ ಅರ್ಧ ಲೀಟರ್ ಲೆಕ್ಕದಲ್ಲಿ, ನಾಲ್ಕು ಜನರಿಗೆ 2 ಲೀಟರ್, ಬೇರೆ ಬಾಟಲಿಗೆ ತುಂಬಿಡಿ. 15ನೇ ತಾರೀಕು ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಎಲ್ಲಿ ಹೋಯಿತೆಂದು ಮನೆಯವರೇ ಹೇಳುತ್ತಾರೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ, ಇದು ಮರೆಯಬಾರದು.

ದಿನಕ್ಕೆ ಮೂರು ಸಲ ಎರಡೆರಡು ಚಮಚ ಸಕ್ಕರೆಯ ಕಾಫಿ ಕುಡಿದರೆ 25ರಿಂದ 30 ಗ್ರಾಂ ಸಕ್ಕರೆ ಅಲ್ಲೇ ಹೋಯಿತು. ಎರಡು ವಾರಕ್ಕೊಮ್ಮೆ ಪ್ರತಿ ಲೋಟದಲ್ಲಿ ಅರ್ಧ ಚಮಚ ಕಡಿಮೆ ಮಾಡಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಒಂದೇ ದಿನ ಪೂರ್ತಿ ಬಿಟ್ಟವರು ಸಂಜೆ ಬಿಸ್ಕತ್ತಿನಲ್ಲಿ ಅದನ್ನು ತೀರಿಸಿಕೊಳ್ಳುತ್ತಾರೆ. ಸಕ್ಕರೆ ಬದಲು ಬೆಲ್ಲ ಹಾಕಿದರೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಮಧ್ಯಾಹ್ನ ಒಂದಕ್ಕೆ ಉಂಡು ರಾತ್ರಿ ಒಂಬತ್ತಕ್ಕೆ ಕೂರುವವರಿಗೆ ನಡುವೆ ಎಂಟು ಗಂಟೆ. ಸಂಜೆ ಬೋಂಡದ ಅಂಗಡಿ ಮುಂದೆ ಕಾಲು ನಿಂತರೆ ಅದು ಹಸಿವು, ಮನಸ್ಸಿನ ದೌರ್ಬಲ್ಯವಲ್ಲ. ನಾಲ್ಕೂವರೆಗೆ ಒಂದು ಹಿಡಿ ಹುರಿಗಡಲೆ ಅಥವಾ ಹುರಿದ ಶೇಂಗಾ, ಒಂದು ಸೀಬೆಹಣ್ಣು ಬ್ಯಾಗಿನಲ್ಲಿ ಇದ್ದರೆ ಆ ಹೊತ್ತು ದಾಟುತ್ತದೆ. ಹಬ್ಬದ ದಿನ ಹೋಳಿಗೆ ತಿನ್ನಿ, ಸಂತೋಷವಾಗಿ ತಿನ್ನಿ. ಉಳಿದದ್ದು ಮೂರು ದಿನ ಡಬ್ಬಿಯಲ್ಲಿ ಕೂರದ ಹಾಗೆ ಅಕ್ಕಪಕ್ಕದ ಮನೆಗೆ ಕೊಟ್ಟುಬಿಡಿ.

ತಪ್ಪಿದ ಮಾರನೆಯ ದಿನ

21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎನ್ನುವ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಿನ ಅಂಕಿ 66 ದಿನ. ಕೆಲವರಿಗೆ 18, ಕೆಲವರಿಗೆ 254ರವರೆಗಿನ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ ಎಂಬುದೂ ಅದರಲ್ಲಿ ಕಂಡ ಸಂಗತಿ.

ಹಾಗಾಗಿ ನಿಯಮ ಒಂದೇ: ಸತತ ಎರಡು ದಿನ ತಪ್ಪಬಾರದು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ನಡೆದ ದಿನಕ್ಕೆ ಗೀಟು ಹಾಕಿ, 5 ನಿಮಿಷ ನಡೆದರೂ ಗೀಟು. ಮದುವೆ ಮನೆಯಲ್ಲಿ ಹೆಚ್ಚು ಉಂಡರೆ ಮಾರನೆಯ ದಿನ ಉಪವಾಸ ಬೇಡ. ಉಪವಾಸದ ಸಂಜೆಗೆ ಕೈ ಎರಡರಷ್ಟು ಓಡುತ್ತದೆ. ಎಂದಿನ ತಿಂಡಿ, ಎಂದಿನ ನಡಿಗೆ.

ತೂಕವನ್ನು ವಾರಕ್ಕೊಮ್ಮೆ, ಪ್ರತಿ ಸಲವೂ ವಾರದ ಅದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ನೀರು, ಉಪ್ಪಿನಿಂದಲೇ ಒಂದೆರಡು ಕಿಲೋ ಏರಿಳಿಯುತ್ತದೆ, ದಿನಾ ನೋಡಿದರೆ ಮನಸ್ಸು ಕುಗ್ಗುತ್ತದೆ. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಟೇಪಿನಲ್ಲಿ ಅಳೆದು ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಜ್ವರ ಬಂದು ಒಂದು ವಾರ ನಡಿಗೆ ತಪ್ಪಿದ್ದರೆ, ಜ್ವರ ಪೂರ್ತಿ ಬಿಟ್ಟ ಮೇಲೆ ಎರಡು ದಿನ ಕಳೆಯಲಿ, ಆಮೇಲೆ ಮತ್ತೆ 10 ನಿಮಿಷದಿಂದ, ಅದೇ ಗಣಪತಿ ಗುಡಿಯವರೆಗೆ.